ಬೀದರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ: ಕೂಲ್‌ಪ್ರಾಪ್‌ನಲ್ಲಿ ನಮ್ಮೂರಿನ ಲೆಕ್ಕ ಮಾಡುವ ಬಗೆ

ಬೀದರಿನಲ್ಲಿ ತೆರೆದ ಪಾತ್ರೆಯಲ್ಲಿ ನೀರಿಟ್ಟು, ಅದು ಕೊತಕೊತ ಕುದಿಯುವಾಗ ಥರ್ಮಾಮೀಟರ್ ಇಳಿಬಿಡಿ. 97.6ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಉರಿ ಎಷ್ಟು ಹೆಚ್ಚಿಸಿದರೂ ನೀರು ಬೇಗ ಬತ್ತುತ್ತದೆಯೇ ಹೊರತು ಮೇಲೇರುವುದಿಲ್ಲ. ಕಲಬುರಗಿಯಲ್ಲಿ ಅದೇ ಪಾತ್ರೆ 98.5 ತೋರಿಸುತ್ತದೆ. ನೂರು ಡಿಗ್ರಿ ಎಂಬುದು ಕಡಲ ದಂಡೆಯ ಮಾತು. ನಾವಿರುವುದು ದಖ್ಖನ್ ಪ್ರಸ್ಥಭೂಮಿಯ ಮೇಲೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಸುಮಾರು 450 ಮೀಟರ್. ಮೇಲಿನಿಂದ ಅದುಮುವ ಗಾಳಿ ಕಡಿಮೆಯಾದಷ್ಟೂ ನೀರಿಗೆ ಬೇಗ ಬಿಡುಗಡೆ.

ಕುಕ್ಕರ್ ಇಲ್ಲದೆ ತೊಗರಿ ಬೇಳೆ ಬೇಯಿಸುವವರಿಗೆ ಈ ಎರಡು ಡಿಗ್ರಿ ಒಂದಿಷ್ಟು ಹೆಚ್ಚಿನ ಕಾಯುವಿಕೆ, ಅಷ್ಟೆ. ನಮ್ಮ ಕಡೆಯ ಕೈಗಾರಿಕಾ ಪ್ರದೇಶಗಳಾದ ಕೊಳಾರದಲ್ಲೋ ಹುಮನಾಬಾದಿನಲ್ಲೋ ಕಡೇಚೂರಿನಲ್ಲೋ ಸಾಲ್ವೆಂಟ್ (ಬೇರೆ ಪದಾರ್ಥವನ್ನು ಕರಗಿಸುವ ದ್ರವ) ಬಟ್ಟಿ ಇಳಿಸುವ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಅದು ಹಣದ ಮಾತು. ಅವರ ಕೈಯಲ್ಲಿರುವ ಪಠ್ಯಪುಸ್ತಕದ ಕೊನೆಯ ಪುಟಗಳ ಕೋಷ್ಟಕಗಳೆಲ್ಲ ಒಂದು ಅಟ್ಮಾಸ್ಫಿಯರ್ ಒತ್ತಡಕ್ಕೆ, 25 ಡಿಗ್ರಿ ಉಷ್ಣಾಂಶಕ್ಕೆ ಬರೆದಿರುವಂಥವು. ಮೇ ತಿಂಗಳ ಕಲಬುರಗಿಯಲ್ಲಿ 25 ಡಿಗ್ರಿ ಎಲ್ಲಿ ಸಿಗುತ್ತದೆ ಹೇಳಿ. ನಮ್ಮೂರಿನ ಒತ್ತಡ, ನಮ್ಮೂರಿನ ಸೆಕೆ ಕೊಟ್ಟು ಉತ್ತರ ಪಡೆಯಲು ಕೂಲ್‌ಪ್ರಾಪ್ ಎಂಬ ತಂತ್ರಾಂಶವಿದೆ. ಉಚಿತ. ಅದನ್ನು ಬಳಸುವುದನ್ನು, ಬಳಸುವಾಗ ನಾನು ಎಡವಿದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ಏನು ಮಾಡುತ್ತದೆ

ಕೂಲ್‌ಪ್ರಾಪ್ ಒಂದು ಮುಕ್ತ ತಂತ್ರಾಂಶ. ಇಯಾನ್ ಬೆಲ್ ಮತ್ತು ಜೊತೆಗಾರರು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಬೆಳೆಸಿದ್ದು. ಇದರ ಕುರಿತ ಪ್ರಬಂಧ ಪ್ರಕಟವಾದದ್ದು 2014ರಲ್ಲಿ. ನೀರು, ಅಮೋನಿಯಾ, ಅಸಿಟೋನ್, ಮೆಥನಾಲ್, ಎಥನಾಲ್, ಟಾಲ್ವಿನ್, ಶೀತಕಗಳು ಎಲ್ಲ ಸೇರಿ ನೂರಕ್ಕೂ ಹೆಚ್ಚು ಶುದ್ಧ ಪದಾರ್ಥಗಳು ಇದರಲ್ಲಿವೆ.

ಒಳಗಿರುವುದು ಕೋಷ್ಟಕವಲ್ಲ, ಸಮೀಕರಣ. ಪ್ರತಿಯೊಂದು ಪದಾರ್ಥಕ್ಕೂ ಹೆಲ್ಮ್‌ಹೋಲ್ಟ್ಸ್ ಶಕ್ತಿಯನ್ನು ಉಷ್ಣಾಂಶ ಮತ್ತು ಸಾಂದ್ರತೆಗಳಲ್ಲಿ ಬರೆದ ಒಂದು ಉದ್ದನೆಯ ಸೂತ್ರವಿದೆ. ಆ ಒಂದು ಸೂತ್ರವನ್ನು ಅವಕಲನ ಮಾಡುತ್ತ ಹೋದರೆ ಒತ್ತಡ, ಎಂಥಾಲ್ಪಿ (ಪದಾರ್ಥ ಹೊತ್ತಿರುವ ಶಾಖದ ಲೆಕ್ಕ), ಎಂಟ್ರೊಪಿ, ವಿಶಿಷ್ಟೋಷ್ಣ, ಧ್ವನಿಯ ವೇಗ ಎಲ್ಲವೂ ಹೊರಬೀಳುತ್ತವೆ. ಒಂದೇ ಬೀಜದಿಂದ ಬಂದವಾದ್ದರಿಂದ ಒಂದಕ್ಕೊಂದು ತಾಳೆಯಾಗುತ್ತವೆ. ನೀರಿಗೆ ಬಳಸಿರುವುದು ಅಂತಾರಾಷ್ಟ್ರೀಯ ಸಂಸ್ಥೆಯೊಂದು 1995ರಲ್ಲಿ ಒಪ್ಪಿದ ಸೂತ್ರ. ಈಗಿನ ಉಗಿ ಕೋಷ್ಟಕಗಳ ಬೆನ್ನಿಗಿರುವುದೂ ಅದೇ.

ಹಾಕಿಕೊಳ್ಳುವುದು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ಕಂಪ್ಯೂಟರ್ ಇದ್ದರೆ ಒಂದು ಸಾಲಿನ ಕೆಲಸ. ಇಲ್ಲದಿದ್ದರೆ ಗೂಗಲ್ ಕೊಲ್ಯಾಬ್ ಸಾಕು. ಜಿಮೇಲ್ ಖಾತೆಯಿಂದ ಒಳಹೊಕ್ಕು ಹೊಸ ನೋಟ್‌ಬುಕ್ ತೆರೆದರೆ ಲೆಕ್ಕವೆಲ್ಲ ದೂರದ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನಿಮ್ಮದು ಹಳೆಯ ಮೊಬೈಲ್ ಆದರೂ ಚಿಂತೆಯಿಲ್ಲ. ಎಕ್ಸೆಲ್‌ಗೂ ಇದರ ಜೋಡಣೆ ಸಿಗುತ್ತದೆ. ಆದರೆ ಕಲಿಯುವವರು ಅಲ್ಲಿಂದ ಆರಂಭಿಸಬಾರದು ಎಂಬುದು ನನ್ನ ಹಟ. ಎಕ್ಸೆಲ್‌ನ ಚೌಕದಲ್ಲಿ ಉತ್ತರ ಕಾಣುತ್ತದೆ, ಕೇಳಿದ ಪ್ರಶ್ನೆ ಅಡಗಿ ಕುಳಿತಿರುತ್ತದೆ.

ಮುಂದಿನ ಸಾಲುಗಳಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿಗೆ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. ಕೊಲ್ಯಾಬಿನ ಮೊದಲ ಚೌಕದಲ್ಲಿ ಹೀಗೆ:

!ಪಿಪ್ ಇನ್‌ಸ್ಟಾಲ್ ಕೂಲ್‌ಪ್ರಾಪ್

ಮುಂದಿರುವ ಉದ್ಗಾರ ಚಿಹ್ನೆ ಕೊಲ್ಯಾಬಿಗೆ ಮಾತ್ರ. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯ ಚೌಕದಲ್ಲಿ:

ಫ್ರಮ್ ಕೂಲ್‌ಪ್ರಾಪ್.ಕೂಲ್‌ಪ್ರಾಪ್ ಇಂಪೋರ್ಟ್ ಪ್ರಾಪ್ಸ್‌ಎಸ್‌ಐ, ಎಚ್‌ಎಪ್ರಾಪ್ಸ್‌ಎಸ್‌ಐ

ಹೆಸರು ಎರಡು ಸಲ, ನಡುವೆ ಚುಕ್ಕೆ. ಅದು ಅಚ್ಚಿನ ತಪ್ಪಲ್ಲ. ಕೂಲ್ ಪದದ ಮೊದಲಕ್ಷರ, ಪ್ರಾಪ್ ಪದದ ಮೊದಲಕ್ಷರ ಎರಡೂ ದೊಡ್ಡಕ್ಷರ. ನನ್ನ ಬಳಿ ಕಲಿಯಲು ಬಂದವರಲ್ಲಿ ಅರ್ಧದಷ್ಟು ಮಂದಿ ಇಲ್ಲಿಯೇ ಕೆಂಪು ಅಕ್ಷರ ನೋಡಿ ಕೈಬಿಡುತ್ತಾರೆ.

ಮೊದಲ ಪ್ರಶ್ನೆ

ಪ್ರಾಪ್ಸ್‌ಎಸ್‌ಐ ಆವರಣದೊಳಗೆ ಆರು ಜಾಗಗಳನ್ನು ಕೇಳುತ್ತದೆ. ನಿಮಗೆ ಏನು ಬೇಕು, ಗೊತ್ತಿರುವ ಮೊದಲ ಸಂಗತಿ, ಅದರ ಬೆಲೆ, ಗೊತ್ತಿರುವ ಎರಡನೆಯ ಸಂಗತಿ, ಅದರ ಬೆಲೆ, ಕೊನೆಗೆ ಪದಾರ್ಥದ ಹೆಸರು. ಶುದ್ಧ ಪದಾರ್ಥದ ಬಗ್ಗೆ ಎರಡು ಸಂಗತಿ ಗೊತ್ತಿದ್ದರೆ ಉಳಿದುದೆಲ್ಲ ಗೊತ್ತಾದಂತೆಯೇ. ಥರ್ಮೊಡೈನಾಮಿಕ್ಸ್ ತರಗತಿಯಲ್ಲಿ ಬಾಯಿಪಾಠ ಮಾಡಿದ ಆ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರಿನ ಕುದಿಬಿಂದು ಕೇಳೋಣ:

ಪ್ರಾಪ್ಸ್‌ಎಸ್‌ಐ('ಟಿ', 'ಪಿ', 101325, 'ಕ್ಯೂ', 0, 'ವಾಟರ್')

ಟಿ ಎಂದರೆ ಉಷ್ಣಾಂಶ, ಪಿ ಎಂದರೆ ಒತ್ತಡ. ಕ್ಯೂ ಎಂದರೆ ಆವಿಯ ಪಾಲು: ಸೊನ್ನೆ ಕೊಟ್ಟರೆ ಕುದಿಯುವ ಅಂಚಿನಲ್ಲಿರುವ ದ್ರವ, ಒಂದು ಕೊಟ್ಟರೆ ಪೂರ್ತಿ ಆವಿ. ಉತ್ತರ 373.124 ಎಂದು ಆರಂಭವಾಗಿ ಹತ್ತಾರು ಅಂಕಿ ಸಾಗುತ್ತದೆ. 273.15 ಕಳೆದರೆ 99.97. ಸಮುದ್ರಮಟ್ಟದಲ್ಲೂ ಸರಿಯಾಗಿ ನೂರಲ್ಲ! 1990ರಲ್ಲಿ ಉಷ್ಣಾಂಶದ ಅಳತೆಗೋಲನ್ನು ಹೊಸದಾಗಿ ನಿಗದಿ ಮಾಡಿದಾಗ ಆದ ಸಣ್ಣ ಜಾರಾಟ ಅದು, ಗಾಬರಿ ಬೇಡ.

ಈಗ 101325 ಇದ್ದಲ್ಲಿ ಬೀದರಿಗೆ 93200 ಹಾಕಿ, ಕಲಬುರಗಿಗೆ 96000 ಹಾಕಿ. ಮೊದಲು ಹೇಳಿದ 97.6 ಮತ್ತು 98.5 ಬರುತ್ತವೆ.

ಈ 93200 ಎಲ್ಲಿಂದ ಬಂತು? ನಮ್ಮ ಎತ್ತರಗಳಲ್ಲಿ ಪ್ರತಿ ನೂರು ಮೀಟರಿಗೆ ಸುಮಾರು 1,170 ಪಾಸ್ಕಲ್ ಕಳೆಯುತ್ತ ಹೋದರೆ ಸಾಕಷ್ಟು ಹತ್ತಿರ ಬರುತ್ತೀರಿ. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ 1,005 ಅಥವಾ 1,008 ಹೆಕ್ಟೊಪಾಸ್ಕಲ್ ಎಂಬ ಅಂಕಿಯನ್ನು ಮಾತ್ರ ಮುಟ್ಟಬೇಡಿ. ಊರೂರಿನ ಒತ್ತಡಗಳನ್ನು ಒಂದೇ ನಕಾಶೆಯಲ್ಲಿ ಹೋಲಿಸಲು ಅದನ್ನು ಸಮುದ್ರಮಟ್ಟಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಬೀದರ್ ಕೋಟೆಯ ಮೇಲೆ ನಿಂತು ನೋಡಿದರೂ ಅದು ಕಡಲ ದಂಡೆಯ ಲೆಕ್ಕವನ್ನೇ ಹೇಳುತ್ತದೆ. ನಿಮ್ಮ ಫೋನಿನೊಳಗೆ ಬ್ಯಾರೊಮೀಟರ್ ಇದ್ದರೆ ಅದು ನಿಜ ಹೇಳುತ್ತದೆ.

ಕುಕ್ಕರ್ ಕಲಿಸುವ ಪಾಠ

ತಪ್ಪುಗಳಲ್ಲಿ ದೊಡ್ಡ ಪಾಲು ಮಾನಗಳದ್ದು. ಪ್ರಾಪ್ಸ್‌ಎಸ್‌ಐಗೆ ಅರ್ಥವಾಗುವುದು ಕೆಲ್ವಿನ್, ಪಾಸ್ಕಲ್, ಕಿಲೋಗ್ರಾಂ, ಜೂಲ್ ಮಾತ್ರ. ಅಸಿಟೋನಿಗೆ ಉಷ್ಣಾಂಶ 25 ಎಂದು ಕೊಟ್ಟರೆ ಅದು 25 ಕೆಲ್ವಿನ್ ಎಂದುಕೊಂಡು, ಇಷ್ಟು ತಣ್ಣಗೆ ನನ್ನ ಸೂತ್ರ ನಡೆಯುವುದಿಲ್ಲ ಎಂದು ತಕರಾರು ತೆಗೆಯುತ್ತದೆ. ಅದು ಒಳ್ಳೆಯದು. ಅಪಾಯ ಇರುವುದು ತಕರಾರು ತೆಗೆಯದ ತಪ್ಪುಗಳಲ್ಲಿ. ಗಾಳಿಯ ಸಾಂದ್ರತೆ ಕೇಳುವಾಗ ಕಿಲೋಪಾಸ್ಕಲ್ ಲೆಕ್ಕದಲ್ಲಿ 101.325 ಎಂದು ಕೊಟ್ಟರೆ, ನಿರ್ವಾತಕ್ಕೆ ಹತ್ತಿರವಾದ ಗಾಳಿ ಎಂದು ತಿಳಿದು, ಸಾವಿರ ಪಾಲು ಕಡಿಮೆ ಉತ್ತರವನ್ನು ಹನ್ನೆರಡು ದಶಮಾಂಶಗಳ ಗತ್ತಿನಲ್ಲಿ ಕೊಡುತ್ತದೆ.

ಎರಡನೆಯದು ಗೇಜ್, ಅಂದರೆ ಒತ್ತಡ ತೋರಿಸುವ ಮೀಟರ್. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ತಂತ್ರಾಂಶ ಕೇಳುವುದು ಒಟ್ಟು ಒತ್ತಡವನ್ನು. ಅಡುಗೆಮನೆಯ ಕುಕ್ಕರಿನಲ್ಲಿ ಇದನ್ನು ನೋಡಿಬಿಡಿ. ಸೀಟಿಯ ಭಾರ ಚದರ ಸೆಂಟಿಮೀಟರಿಗೆ ಒಂದು ಕಿಲೋ ಎಂದಿಟ್ಟುಕೊಂಡರೆ ಅದು 98,067 ಪಾಸ್ಕಲ್. ಅದನ್ನಷ್ಟೇ ಕೊಟ್ಟು ಕುದಿಬಿಂದು ಕೇಳಿದರೆ 99 ಡಿಗ್ರಿ ಎನ್ನುತ್ತದೆ. ಕುಕ್ಕರಿಗೂ ತೆರೆದ ಪಾತ್ರೆಗೂ ಇಷ್ಟೇ ವ್ಯತ್ಯಾಸವಾದರೆ ಯಾರಾದರೂ ಕುಕ್ಕರ್ ಏಕೆ ಕೊಳ್ಳುತ್ತಾರೆ? ಅದಕ್ಕೆ ಬೀದರಿನ 93,200 ಕೂಡಿಸಿ ಕೇಳಿ: 118.8. ಬೇಳೆ ಬೇಯುವ ಗುಟ್ಟು ಅಲ್ಲಿದೆ.

ಬಾಯ್ಲರಿನದೂ ಇದೇ ಕಥೆ. ಕಲಬುರಗಿಯಲ್ಲಿ ಗೇಜ್ 7 ಕಿಲೋ ತೋರಿಸಿದರೆ ಒಟ್ಟು ಒತ್ತಡ ಸುಮಾರು 7,82,500 ಪಾಸ್ಕಲ್, ಉಗಿಯ ಉಷ್ಣಾಂಶ 169.5 ಡಿಗ್ರಿ. ಗಾಳಿಯ ಒತ್ತಡ ಸೇರಿಸಲು ಮರೆತರೆ 164 ಬರುತ್ತದೆ. ಇಲ್ಲಿ ಐದು ಡಿಗ್ರಿಯ ತಪ್ಪು ಕುಕ್ಕರಿನಷ್ಟು ಹಾಸ್ಯಾಸ್ಪದವಾಗಿ ಕಾಣುವುದಿಲ್ಲ. ಹಾಗಾಗಿಯೇ ಅದು ವರದಿಗಳಲ್ಲಿ ಸಲೀಸಾಗಿ ದಾಟಿಹೋಗುತ್ತದೆ.

ಅಸಿಟೋನ್ ಮತ್ತು ಮೇ ತಿಂಗಳು

ಈಗ ನಿಜವಾದ ಕೆಲಸ. ಅಸಿಟೋನಿನ ಕುದಿಬಿಂದು ಪುಸ್ತಕದಲ್ಲಿ 56 ಡಿಗ್ರಿ. ವಾಟರ್ ಇದ್ದ ಜಾಗದಲ್ಲಿ ಅಸಿಟೋನ್ ಎಂದು ಬರೆದು ಕೇಳಿದರೆ ಕಲಬುರಗಿಯಲ್ಲಿ ಸುಮಾರು 54.5, ಬೀದರಿನಲ್ಲಿ 54ಕ್ಕಿಂತ ತುಸು ಕೆಳಗೆ. ಬಟ್ಟಿಯ ಗೋಪುರದ ತುದಿಯಲ್ಲಿ 56 ಬರಲಿ ಎಂದು ಕಾಯುತ್ತ ಕುಳಿತವರು ಅಸಿಟೋನಿನ ಜೊತೆ ಬೇರೆ ಏನನ್ನೋ ಹಿಡಿಯುತ್ತಿರುತ್ತಾರೆ.

ಆವಿ ಒತ್ತಡ ಕೇಳಲು ಪ್ರಶ್ನೆಯನ್ನು ತಿರುವಿ ಹಾಕಬೇಕು:

ಪ್ರಾಪ್ಸ್‌ಎಸ್‌ಐ('ಪಿ', 'ಟಿ', 317.15, 'ಕ್ಯೂ', 0, 'ಅಸಿಟೋನ್')

317.15 ಎಂದರೆ 44 ಡಿಗ್ರಿ, ಮೇ ತಿಂಗಳಲ್ಲಿ ಶೆಡ್ಡಿನೊಳಗೆ ಸುಲಭವಾಗಿ ಮುಟ್ಟುವ ಉಷ್ಣಾಂಶ. ಉತ್ತರ 66,000 ಪಾಸ್ಕಲ್ ಆಸುಪಾಸು. ಅದೇ 25 ಡಿಗ್ರಿಯಲ್ಲಿ ಕೇಳಿದರೆ 31,000. ಹತ್ತೊಂಬತ್ತು ಡಿಗ್ರಿಗೆ ಎರಡು ಪಟ್ಟಿಗಿಂತ ಹೆಚ್ಚು. ಮಧ್ಯಾಹ್ನ ಡ್ರಮ್ಮಿನ ಮುಚ್ಚಳ ಸಡಿಲಿಸಿದಾಗ ಬರುವ ಆ ಬುಸ್ ಎಂಬ ಸದ್ದಿನ ಲೆಕ್ಕ ಇದು. ಹಗಲಲ್ಲಿ ಡ್ರಮ್ ತೆರೆಯಬೇಡಿ ಎಂದು ಹಳಬರು ಗದರಿದರೆ ಎದುರಾಡಬೇಡಿ. ಅಸಿಟೋನಿನ ಆವಿಗೆ ಬೆಂಕಿ ತಗಲುವ ಕನಿಷ್ಠ ಉಷ್ಣಾಂಶ ಸೊನ್ನೆಗಿಂತ ಸುಮಾರು ಇಪ್ಪತ್ತು ಡಿಗ್ರಿ ಕೆಳಗಿದೆ.

ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕಂಡೆನ್ಸರಿಗೆ ಎಷ್ಟು ನೀರು ಬೇಕು? ಎಚ್ ಅಂದರೆ ಎಂಥಾಲ್ಪಿ. 96000 ಒತ್ತಡದಲ್ಲಿ ಕ್ಯೂ ಒಂದು ಇರುವಾಗಿನ ಎಚ್‌ನಿಂದ ಕ್ಯೂ ಸೊನ್ನೆ ಇರುವಾಗಿನ ಎಚ್ ಕಳೆಯಿರಿ. ಅದು ಗುಪ್ತೋಷ್ಣ: ಅಸಿಟೋನಿಗೆ ಕಿಲೋಗೆ ಸುಮಾರು ಐದು ಲಕ್ಷ ಜೂಲ್. ಗಂಟೆಗೆ 100 ಕಿಲೋ ಆವಿ ಇಳಿಸಬೇಕಾದರೆ 100ರಿಂದ ಗುಣಿಸಿ 3,600ರಿಂದ ಭಾಗಿಸಿ, ಸುಮಾರು 14 ಕಿಲೋವ್ಯಾಟ್. ತಂಪು ನೀರು ಐದು ಡಿಗ್ರಿ ಬಿಸಿಯಾಗಿ ಹೊರಹೋಗಬಹುದು ಎಂದರೆ ಗಂಟೆಗೆ 2,400 ಲೀಟರ್ ಬೇಕು. ನೀರಿಗೆ ಇದೇ ಲೆಕ್ಕ ಮಾಡಿ ನೋಡಿ: ಸಮುದ್ರಮಟ್ಟದ ಒತ್ತಡದಲ್ಲಿ ಗುಪ್ತೋಷ್ಣ 2,256 ಕಿಲೋಜೂಲ್, ಅಂದರೆ ಅಸಿಟೋನಿನ ನಾಲ್ಕೂವರೆ ಪಟ್ಟು.

ಒಂದು ಎಚ್ಚರಿಕೆ. ಕುದಿಯುವ ಗೆರೆಯ ಮೇಲೆ ಒತ್ತಡ ಮತ್ತು ಉಷ್ಣಾಂಶ ಎರಡನ್ನೂ ಕೊಟ್ಟು ಸಾಂದ್ರತೆ ಕೇಳಿದರೆ ತಂತ್ರಾಂಶ ಹಿಂದೇಟು ಹಾಕುತ್ತದೆ. ಆ ಗೆರೆಯ ಮೇಲೆ ಒಂದು ಗೊತ್ತಾದರೆ ಇನ್ನೊಂದು ತಾನಾಗಿ ನಿಗದಿಯಾಗುತ್ತದೆ, ಹಾಗಾಗಿ ನೀವು ಕೊಟ್ಟದ್ದು ಎರಡಲ್ಲ, ಒಂದೇ ಸಂಗತಿ. ಅಲ್ಲಿ ಕ್ಯೂ ಬೇಕೇ ಬೇಕು.

ಕೂಲರ್, ಕೂಲಿಂಗ್ ಟವರ್, ಆಗಸ್ಟ್

ಕಂಡೆನ್ಸರಿನ ನೀರು ಬರುವುದು ಕೂಲಿಂಗ್ ಟವರಿನಿಂದ. ಅದು ಎಷ್ಟು ತಣ್ಣಗಾಗುತ್ತದೆ ಎನ್ನಲು ಎಚ್‌ಎಪ್ರಾಪ್ಸ್‌ಎಸ್‌ಐ ಇದೆ, ತೇವಗಾಳಿಗೆಂದೇ ಬರೆದದ್ದು. ಮನೆಯ ಕಿಟಕಿಯ ಕೂಲರಿಗೂ ಇದೇ ಲೆಕ್ಕ.

ಎಚ್‌ಎಪ್ರಾಪ್ಸ್‌ಎಸ್‌ಐ('ಬಿ', 'ಟಿ', 316.15, 'ಪಿ', 96000, 'ಆರ್', 0.2)

ಬಿ ಎಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ. ನಮ್ಮ ಕೂಲಿಂಗ್ ಟವರಾಗಲಿ ಮನೆಯ ಕೂಲರಾಗಲಿ ಅದಕ್ಕಿಂತ ಕೆಳಗೆ ಹೋಗಲಾರದು. ಆರ್ ಎಂದರೆ ಆರ್ದ್ರತೆ, ಸೊನ್ನೆಯಿಂದ ಒಂದರೊಳಗೆ. ಶೇಕಡ 20 ಎಂದು 20 ಬರೆದರೆ ಕೆಟ್ಟಿತು. ಇಲ್ಲಿ ಮೂರು ಸಂಗತಿ ಕೊಡಬೇಕಾದ್ದು ಏಕೆಂದರೆ ಗಾಳಿಯಲ್ಲಿ ನೀರೂ ಬೆರೆತಿದೆ, ಎರಡರ ಜೊತೆ ಮೂರನೆಯದೊಂದು ಬೇಕು.

43 ಡಿಗ್ರಿ, ಶೇಕಡ 20 ಆರ್ದ್ರತೆಯ ಮೇ ಮಧ್ಯಾಹ್ನಕ್ಕೆ ಉತ್ತರ 24 ಡಿಗ್ರಿಯ ಆಸುಪಾಸು. ಈಗ ಆಗಸ್ಟಿನ ಮೋಡದ ದಿನ ಹಾಕಿ: 30 ಡಿಗ್ರಿ, ಆರ್ದ್ರತೆ 0.8. ಉತ್ತರ 27. ಓದುವವರು ಇಲ್ಲಿ ಒಂದು ಸಲ ನಿಲ್ಲಬೇಕು. ಶಹಾಬಾದ್ ಕಲ್ಲಿನ ಮೇಲೆ ಕಾಲಿಡಲಾಗದ ಮೇ ಮಧ್ಯಾಹ್ನಕ್ಕಿಂತ, ತಣ್ಣಗಿರುವ ಆಗಸ್ಟಿನಲ್ಲಿ ಟವರಿನ ನೀರು ಹೆಚ್ಚು ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ಕಂಡೆನ್ಸರ್ ಚೆನ್ನಾಗಿ ನಡೆದು ಮಳೆಗಾಲದಲ್ಲಿ ಮುನಿಸಿಕೊಂಡರೆ ಪಂಪಿನವನನ್ನು ಬೈಯುವ ಮೊದಲು ಈ ಸಾಲನ್ನು ಓಡಿಸಿ ನೋಡಿ. ಮೇ ತಿಂಗಳ ತೊಂದರೆ ಬೇರೆಯದು: ಒಣಗಾಳಿ ನೀರನ್ನು ಕುಡಿದುಬಿಡುತ್ತದೆ, ಅದನ್ನು ತುಂಬಲು ಟ್ಯಾಂಕರಿಗೆ ಫೋನು ಮಾಡಬೇಕು.

ನಾನು ಎಡವಿದ್ದು

ಕೆಲವು ವರ್ಷಗಳ ಹಿಂದೆ ಒಂದು ಔಷಧ ಘಟಕದಲ್ಲಿ ಚಿಲ್ಲರ್ ಎಂಬ ತಣಿಸುವ ಯಂತ್ರದ ಲೆಕ್ಕ ನನ್ನ ಪಾಲಿಗೆ ಬಂತು. ಶೀತಕ ಆರ್134ಎ. ಆವಿಯ ಎಂಥಾಲ್ಪಿಯನ್ನು ಕೂಲ್‌ಪ್ರಾಪ್‌ನಿಂದ ತೆಗೆದೆ: ಸೊನ್ನೆ ಡಿಗ್ರಿಯಲ್ಲಿ ಸುಮಾರು 398 ಕಿಲೋಜೂಲ್. ಅಷ್ಟರಲ್ಲಿ ಕರೆಂಟ್ ಹೋಯಿತು. ದ್ರವದ್ದನ್ನು ಪಕ್ಕದಲ್ಲಿದ್ದ ಪಠ್ಯಪುಸ್ತಕದ ಕೋಷ್ಟಕದಿಂದ ನೋಡಿ ಬರೆದೆ: 40 ಡಿಗ್ರಿಯಲ್ಲಿ 108. ಕಳೆದರೆ 290. ಉತ್ಸಾಹದಿಂದ ಪ್ರತಿ ಕಿಲೋ ಶೀತಕ ಇಷ್ಟು ತಣಿಸುತ್ತದೆ ಎಂದು ಸಭೆಯಲ್ಲಿ ಹೇಳಿದೆ. ಚಿಲ್ಲರ್ ನೋಡಿಕೊಳ್ಳುತ್ತಿದ್ದ ಉಸ್ತಾದರು, ಶಾಲೆಯನ್ನು ಏಳನೆಯ ತರಗತಿಗೇ ಬಿಟ್ಟವರು, ಕಾಗದ ನೋಡಿ ನಕ್ಕರು. “ಸರ್, ಇದು ಇಷ್ಟು ತಣಿಸುವುದಾಗಿದ್ದರೆ ನಾವು ಔಷಧಿ ಬಿಟ್ಟು ಐಸ್ ಮಾರುತ್ತಿದ್ದೆವಲ್ಲ!”

ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ಎಂಥಾಲ್ಪಿಗೆ ತನ್ನದೇ ಆದ ಸೊನ್ನೆ ಇಲ್ಲ. ಬೆಟ್ಟದ ಎತ್ತರವನ್ನು ಕಡಲಿನಿಂದ ಅಳೆಯಬಹುದು, ಊರಿನ ಬಾವಿಕಟ್ಟೆಯಿಂದಲೂ ಅಳೆಯಬಹುದು, ಹಾಗೆ. ಕೂಲ್‌ಪ್ರಾಪ್ ಈ ಶೀತಕಕ್ಕೆ ಬಳಸುವ ಕ್ರಮದಲ್ಲಿ ಸೊನ್ನೆ ಡಿಗ್ರಿಯ ದ್ರವಕ್ಕೆ 200 ಎಂದು ಇಟ್ಟುಕೊಂಡಿದ್ದಾರೆ. ನನ್ನ ಪುಸ್ತಕದ ಕ್ರಮದಲ್ಲಿ ಮೈನಸ್ 40 ಡಿಗ್ರಿಯ ದ್ರವಕ್ಕೆ ಸೊನ್ನೆ, ಹಾಗಾಗಿ ಸೊನ್ನೆ ಡಿಗ್ರಿಯಲ್ಲಿ ಅದು 51.86. ಎರಡರ ನಡುವೆ 148 ಕಿಲೋಜೂಲ್ ಅಂತರ. ಎರಡೂ ಸರಿ, ಬೆರೆಸಿದ್ದು ತಪ್ಪು. ದ್ರವದ ಬೆಲೆಯನ್ನೂ ಕೂಲ್‌ಪ್ರಾಪ್‌ನಿಂದಲೇ ತೆಗೆದಾಗ 256 ಬಂತು, ವ್ಯತ್ಯಾಸ 142. ನಾನು ಹೇಳಿದ್ದರ ಅರ್ಧ. ಅಂದಿನಿಂದ ಒಂದು ಲೆಕ್ಕದ ಎಲ್ಲ ಎಂಥಾಲ್ಪಿ, ಎಂಟ್ರೊಪಿಗಳನ್ನು ಒಂದೇ ಕಡೆಯಿಂದ ತೆಗೆಯುತ್ತೇನೆ. ಸಾಂದ್ರತೆ, ಆವಿ ಒತ್ತಡಗಳಿಗೆ ಈ ಭಯವಿಲ್ಲ.

ಪಟ್ಟಿಯಲ್ಲಿ ಇಲ್ಲದ್ದು

ಔಷಧ ಘಟಕಗಳಲ್ಲಿ ದಿನವೂ ಓಡಾಡುವ ಈಥೈಲ್ ಅಸಿಟೇಟ್ ಕೂಲ್‌ಪ್ರಾಪ್‌ನ ಪಟ್ಟಿಯಲ್ಲಿಲ್ಲ. ಅಷ್ಟು ನಿಖರವಾದ ಸೂತ್ರ ಕಟ್ಟಲು ಅಪಾರ ಪ್ರಯೋಗಗಳು ಬೇಕು, ಎಲ್ಲ ಪದಾರ್ಥಕ್ಕೂ ಆ ಭಾಗ್ಯ ಇರುವುದಿಲ್ಲ. ಅಲ್ಲಿ ಕೆಮಿಕಲ್ಸ್ ಮತ್ತು ಥರ್ಮೊ ಎಂಬ ಇನ್ನೆರಡು ಪೈಥಾನ್ ಸಂಗ್ರಹಗಳು ನೆರವಿಗೆ ಬರುತ್ತವೆ. ಹಾಕಿಕೊಳ್ಳುವುದು ಅದೇ ಪಿಪ್‌ನಿಂದ. ಹೆಸರಿನ ಬದಲು ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಕೊಡುವುದು ವಾಸಿ, ಡ್ರಮ್ಮಿನ ಚೀಟಿಯ ಮೇಲೆ ಅದು ಇರುತ್ತದೆ. ಈಥೈಲ್ ಅಸಿಟೇಟಿಗೆ 141-78-6. ಸಮುದ್ರಮಟ್ಟದ ಕುದಿಬಿಂದು 77 ಡಿಗ್ರಿ ಬರುತ್ತದೆ. ಬೀದರಿನ ಒತ್ತಡಕ್ಕೆ ಆವಿ ಒತ್ತಡದ ಸೂತ್ರದಿಂದ ತಿರುವಿ ನೋಡಿದರೆ 74ರ ಆಸುಪಾಸು.

ಈ ಸಂಗ್ರಹಗಳ ಗುಣ ಎಂದರೆ ಬಹುತೇಕ ಎಲ್ಲದಕ್ಕೂ ಉತ್ತರವಿದೆ. ದೋಷವೂ ಅದೇ. ಕೆಲವು ಅಂಕಿಗಳು ಪ್ರಯೋಗಾಲಯದಲ್ಲಿ ಅಳೆದವು, ಕೆಲವು ಅಣುವಿನ ತುಂಡುಗಳನ್ನು ಎಣಿಸಿ ಊಹಿಸಿದವು. ಯಾವ ವಿಧಾನದಿಂದ ಬಂತು ಎಂದು ಕೇಳುವ ಆಜ್ಞೆ ಅದರಲ್ಲೇ ಇದೆ. ಜೋಬ್ಯಾಕ್ ಎಂಬ ಹೆಸರು ಕಂಡರೆ ಅದು ಊಹೆ ಎಂದು ತಿಳಿದು, ಯಂತ್ರ ಕೊಳ್ಳುವ ಮುನ್ನ ಇನ್ನೊಂದು ಕಡೆ ತಾಳೆ ನೋಡಿ. ಅಮೆರಿಕದ ನಿಸ್ಟ್ ಸಂಸ್ಥೆಯ ವೆಬ್‌ಬುಕ್ ಅದಕ್ಕೆ ಒಳ್ಳೆಯದು, ಅದೂ ಉಚಿತ.

ಮಿಶ್ರಣ ಬಂದರೆ ಕೂಲ್‌ಪ್ರಾಪ್ ಬಿಟ್ಟು ಹೊರಡಿ. ಎಥನಾಲ್ ಮತ್ತು ನೀರು, ಎಥನಾಲಿನ ಪಾಲು ತೂಕದಲ್ಲಿ ಶೇಕಡ 95.6 ಆದಾಗ, ಒಟ್ಟಿಗೇ ಕುದಿದು ಬೇರೆಯಾಗಲು ಒಪ್ಪುವುದಿಲ್ಲ. ಅಸಿಟೋನ್ ಮತ್ತು ಮೆಥನಾಲಿಗೂ ಅಂಥದೇ ಗೆಳೆತನ. ಅದಕ್ಕೆ ಡಿಡಬ್ಲ್ಯೂಸಿಮ್ ಎಂಬ ಮುಕ್ತ ತಂತ್ರಾಂಶವಿದೆ, ಐಐಟಿ ಬಾಂಬೆಯ ಫಾಸೀ ಯೋಜನೆಯವರು ಅದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಅದರ ವಿಷಯ ಒಂದು ಲೇಖನದಲ್ಲಿ ಹಿಡಿಯುವಂಥದ್ದಲ್ಲ.

ಇಷ್ಟಾದ ಮೇಲೆ ಒಂದು ಕೆಲಸ ಉಳಿಯುತ್ತದೆ. ನಮ್ಮಲ್ಲಿ ಹೊಸ ಥರ್ಮಾಮೀಟರ್ ಬಂದಾಗ ಕುದಿಯುವ ನೀರಿನಲ್ಲಿ ಅದ್ದಿ, ನೂರು ತೋರಿಸಿದರೆ ಪಾಸು ಮಾಡುವ ರೂಢಿ ಇದೆ. ನಿಮ್ಮ ಊರಿನ ಒತ್ತಡ ಹಾಕಿ ಮೊದಲ ಸಾಲನ್ನು ಮತ್ತೊಮ್ಮೆ ಓಡಿಸಿ, ಬಂದ ಅಂಕಿಯನ್ನು ಲ್ಯಾಬಿನ ಗೋಡೆಗೆ ಅಂಟಿಸಿ. ಬೀದರಿನಲ್ಲಿ ನೂರು ತೋರಿಸುವ ಥರ್ಮಾಮೀಟರನ್ನು ಅಂಗಡಿಗೆ ವಾಪಸು ಕಳಿಸಿ.